ಬೆರಳು ತೂರುವ ಬಲೆ

ಒಂಬತ್ತು ಡಾಲರಿನ ಬಲೆ, ಕಪ್ಪು ಬಣ್ಣ.
ಲಕ್ಕೋಟೆ ಮರದ ಮೇಲೆ ಎಳೆದು ಕಟ್ಟಿದವನು ನಾನೇ.
ಗೊಂಚಲು ಎಣಿಸಿಟ್ಟಿದ್ದೆ, ನಲವತ್ತೊಂದು.
ಬೆಂಡಿಗೋದ ಒಣ ಮಣ್ಣಿಗೆ
ಬಚ್ಚಲ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಬೆಳೆಸಿದ್ದು.
ಗಿಳಿ ಬಾರದು, ಪಾಸಮ್ ಬಾರದು ಎಂದಿದ್ದ ಅಂಗಡಿಯವನು.
ಬಂದವರು ಹಿಂತಿರುಗಲಾರರು
ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ರಾತ್ರಿ ಎರಡಕ್ಕೆ ಮಗು ಅತ್ತ ಹಾಗೆ.
ಅಕ್ಕಪಕ್ಕ ಯಾರಿಗೂ ಮಗುವಿಲ್ಲ.
ಟಾರ್ಚು ಹಿಡಿದು ಹೋದರೆ
ಮುರಿದ ಕೊಡೆಯೊಂದು ಮರಕ್ಕೆ ಸಿಕ್ಕಿ
ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದೆ.
ಕತ್ತಿಗೆ ಕಿತ್ತಳೆ ಮಫ್ಲರು, ನಾಯಿಮರಿಯ ಮೋರೆ,
ಹಲ್ಲಿನ ನಡುವೆ ನೈಲಾನು ದಾರ.
ಕಡಿದೂ ಕಡಿದೂ ಒಸಡೆಲ್ಲ ರಕ್ತ.

ಬಾವಲಿ ಮನೆಗೆ ಬಾವಲಿ ನೆಂಟನಾಗಿ ಹೋದರೆ
ನೀನೂ ಜೋತಾಡು, ನಾನೂ ಜೋತಾಡ್ತೀನಿ:
ನಮ್ಮ ಸೋದರತ್ತೆಯ ಮೆಚ್ಚಿನ ಗಾದೆ.
ಇಲ್ಲಿ ನೆಂಟ ಜೋತಿದ್ದಾನೆ,
ನಾನು ನಿಂತಿದ್ದೇನೆ
ಕೈಯಲ್ಲಿ ಅಡಿಗೆಮನೆಯ ಕತ್ತರಿ.

'ಮುಟ್ಟಬೇಡ,' ಎಂದಿತು ಫೋನು.
'ಅಯ್ಯೋ ಪಾಪ ಎಂದೂ ಮುಟ್ಟಬೇಡ.
ಕಚ್ಚಿದರೆ ನಿನಗೂ ಕಷ್ಟ, ಅದಕ್ಕೂ ಸಾವು.
ದೀಪ ಆರಿಸು. ದೂರ ನಿಲ್ಲು. ಬಂದೆ.'
ಹೀತ್‌ಕೋಟಿನಿಂದ ನಲವತ್ತು ನಿಮಿಷ.
ಬಂದಿಳಿದಳು ಗ್ಲೆನಿಸ್ ಟ್ರಾಂಟರ್,
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ನೈಟಿಯ ಮೇಲೆ ಜಾಕೆಟ್ಟು, ಮೊಣಕೈವರೆಗೆ ಕೈಗವಸು.
ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ.
ಟವೆಲಿನಲ್ಲಿ ತಲೆ ಮುಚ್ಚಿ
ದಾರ ಒಂದೊಂದೇ ಕತ್ತರಿಸಿದಳು,
ಹಟ ಹಿಡಿದ ಹುಡುಗನ ಶೂ ಲೇಸು ಬಿಚ್ಚುವ ಹಾಗೆ.

ರೆಕ್ಕೆಯಡಿ ಇನ್ನೊಂದು ಇತ್ತು.
ಮೊಲೆ ಬಿಡದ ಮರಿ, ನನ್ನ ಹೆಬ್ಬೆರಳಿನಷ್ಟು ಮುಖ.

ಹೋಗುವಾಗ ಬಲೆಯ ಕಣ್ಣಿಗೆ ಕಿರುಬೆರಳು ತೂರಿಸಿ
ಆಡಿಸಿ ತೋರಿಸಿದಳು.
'ಬೆರಳು ಹೋಗುತ್ತದೆ, ನೋಡು. ಹೋಗಬಾರದು.'
ಅಷ್ಟೇ. ಕಾರು ಹೊರಟಿತು.
ನಾನು ಬೆಳಗಿನವರೆಗೂ ಬಲೆ ಬಿಚ್ಚುತ್ತಾ ಇದ್ದೆ.

ತಾಯಿಯ ಪೊರೆ ಮೊದಲ ದಿನ ಚೆನ್ನಾಗಿಯೇ ಇತ್ತಂತೆ.
ನೈಲಾನು ಬಿಗಿದ ಜಾಗ ಸಾಯುವುದು ನಿಧಾನ:
ಆರನೆಯ ದಿನ ಬಾಡಿದ ವೀಳ್ಯದೆಲೆ,
ಎಂಟನೆಯ ದಿನ ತೂತು,
ಒಂಬತ್ತಕ್ಕೆ ಡಾಕ್ಟರು ಸೂಜಿ ಕೊಟ್ಟರು.
ದಿನಕ್ಕೊಂದು ಡಾಲರು, ಲೆಕ್ಕ ಹಾಕಿದೆ.
ಲೆಕ್ಕ ಹಾಕುವುದು ನನ್ನ ರೋಗ.

ಮರಿಗೆ ಹೆಸರಿಲ್ಲ, ನಂಬರು ಹದಿನೇಳು.
ಹೆಸರಿಟ್ಟರೆ ಬಿಡಲು ಮನಸ್ಸಾಗದು, ಅನ್ನುತ್ತಾಳೆ ಗ್ಲೆನಿಸ್.
ಬಟ್ಟೆಯಲ್ಲಿ ಮಡಚಿ ಸುತ್ತಿ
ಬಾಯಿಗೊಂದು ಚೀಪುವ ರಬ್ಬರು.
ಆಗ ಹೊಳೆಯಿತು, ಇದೂ ಒಂದು ಲಕ್ಕೋಟೆ,
ವಿಳಾಸ ಬರೆಯಬೇಕಾದದ್ದು.

ಸೂಜಿ ಹಾಕಿಸಿಕೊಳ್ಳದವನು ಮುಟ್ಟುವ ಹಾಗಿಲ್ಲ.
ಹಾಗಾಗಿ ಮಂಗಳವಾರ ಮಂಗಳವಾರ
ಸುತ್ತುಬಟ್ಟೆ ಒಗೆದೆ, ಹಣ್ಣು ಹೆಚ್ಚಿದೆ.
ಸೇಬು, ಪೇರು, ಕರಬೂಜ, ಬಕೆಟ್ಟುಗಟ್ಟಲೆ.
ಕೋಸಂಬರಿಗೆ ಹೆಚ್ಚುವಷ್ಟು ಸಣ್ಣಗಲ್ಲ,
ಪಲ್ಯಕ್ಕಿಂತ ಕೊಂಚ ದಪ್ಪ.
ಒಗೆದ ಬಟ್ಟೆಯಲ್ಲೂ ಹೋಗದ ಒಂದು ವಾಸನೆ.
ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು.

ಮೂರು ಸೂಜಿ, ತೋಳಿಗೆ, ಕೈಯಿಂದ ದುಡ್ಡು ಕೊಟ್ಟು.
ಚಿಕ್ಕಂದಿನಲ್ಲಿ ಕೇಳಿ ಬೆವರಿದ್ದೆ:
ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು.
ಇಲ್ಲಿ ಏನೂ ಕಚ್ಚಿಲ್ಲ ನನ್ನನ್ನು.
ಅಥವಾ ಕಚ್ಚಿತ್ತೇನೋ, ನವೆಂಬರಿನಲ್ಲೇ.

ಆ ಹೊತ್ತಿಗೆ ಹದಿನೇಳು ಹಾರುವ ಪಂಜರಕ್ಕೆ ಹೋಗಿಯಾಗಿತ್ತು.
ನಾನು ಮುಟ್ಟಲೇ ಇಲ್ಲ. ಒಳ್ಳೆಯದೇ ಆಯಿತು.
ಫೆಬ್ರವರಿಯ ಒಂದು ಸಂಜೆ ಬಾಗಿಲು ತೆಗೆದರು.
ಯಾವುದೂ ಹೋಗಲಿಲ್ಲ.
ನಾವು ಫ್ಲಾಸ್ಕಿನ ಚಹಾ ಕುಡಿದೆವು, ಸೊಳ್ಳೆ ಹೊಡೆದೆವು.
ಕಪ್ಪು ತೊಳೆದು ಬರುವಷ್ಟರಲ್ಲಿ
ಪಂಜರ ಖಾಲಿ,
ಕೊಕ್ಕೆಯಲ್ಲಿ ಅರ್ಧ ತಿಂದ ಪೇರು ತೂಗುತ್ತಿತ್ತು.

ಈಗ ಬೀದಿಯಲ್ಲಿ ನಡೆವಾಗ ಒಂದು ಚಟ.
ಬೇಲಿಯಾಚೆ ಬಲೆ ಕಂಡರೆ ಕಿರುಬೆರಳು ಹಾಕಿ ನೋಡುತ್ತೇನೆ.
ಮೊನ್ನೆ ಡಾರಿಲ್ ಕಿಟಕಿಯಿಂದ ಕೂಗಿದ,
'ಏಯ್, ನನ್ನ ಪೀಚ್ ಹಣ್ಣಿಗೆ ಕೈ ಹಾಕ್ತೀಯಾ?'
ಬೆರಳು ಅಲ್ಲೇ ಸಿಕ್ಕಿಕೊಂಡಿತ್ತು.
'ಇಲ್ಲ ಮಾರಾಯ,' ಅಂದೆ ಕನ್ನಡದಲ್ಲೇ,
'ಸ್ವಲ್ಪ ಕತ್ತರಿ ತಗೊಂಡು ಬಾ.'