ಗಂಟಲ ಮೇಲೆ ಎರಡು ಬೆರಳು

ಉಗುಳು ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ.
ಮಾತ್ರೆಯಲ್ಲ, ಅನ್ನದಗುಳಲ್ಲ, ಬರೀ ಉಗುಳು.
ನುಂಗುವ ಮೊದಲು ಹೆಗಲೆತ್ತಿ, ಕಣ್ಣು ಮುಚ್ಚಿ,
ಹೊಸ್ತಿಲ ಮುಂದೆ ತುಂಬು ಬಸುರಿ ನಿಂತ ಹಾಗೆ
ಒಂದು ಗಳಿಗೆ ನಿಂತು
ಆಮೇಲೆ ನುಂಗಬೇಕು.
ಚಳುಕು ಕಿವಿಯವರೆಗೆ.

ಎರಡು ವಿಮಾನ, ಹದಿನೇಳು ಗಂಟೆಯ ಒಣಗಾಳಿ.
ಪಕ್ಕದವನ ನೆತ್ತಿಯ ಮೇಲಿನ ಗಾಳಿತೂತು
ನನ್ನ ಬಾಯಿಗೇ ಗುರಿಯಿಟ್ಟಿತ್ತು.
ಬಾಯಿ ತೆರೆದು ಮಲಗಿದ್ದೆನಂತೆ,
ಹುಡುಗಿಯರ ಹತ್ತಿರ ಫೋಟೋ ಇದೆ.
ದೋಹಾದಲ್ಲಿ ಕೆರೆತ. ದೇವನಹಳ್ಳಿಯಲ್ಲಿ ಇಳಿದಾಗ ಉರಿ.
ವಾಯುವಜ್ರದ ಕಂಡಕ್ಟರಿಗೆ
ಹೆಬ್ಬಾಳ ಅನ್ನಹೋದರೆ
ಬರೀ ಹೆ ಬಂತು.

ಹದಿನೆಂಟು ದಿನ ನಾನು ಎಂಟು ಜನರ ಬಾಯಿ.
ಕಿವಿ ಕೇಳದ ಎಂಟು ಹುಡುಗಿಯರ ಬ್ಯಾಡ್ಮಿಂಟನ್ ತಂಡಕ್ಕೆ
ಅಂಪೈರಿನ ಮುಂದೆ ನಾನು,
ಇದರಲ್ಲಿ ಹಂದಿ ಇದೆಯಾ ಎಂದು ಕೇಳಲು ನಾನು,
ಷಟಲ್ ಗೆರೆಯ ಮೇಲೇ ಬಿತ್ತು ಸ್ವಾಮೀ ಎಂದು
ಜಗಳ ಆಡಲೂ ನಾನು.
ಅವರ ಭಾಷೆಯಲ್ಲಿ ನಾನು ಮಂದಾಕಿನಿ ಅಲ್ಲ.
ಗಂಟಲ ಮೇಲೆ ಎರಡು ಬೆರಳು, ಎರಡು ಸಲ
ತಟ್ಟಿದರೆ ಅದು ನಾನು.

ಮತ್ತಿಕೆರೆಯ ಮನೆಗೆ
ಮೇಲಿನ ಮನೆ ಗ್ರೇಸಿ ಆಂಟಿಯ ಮೆಣಸಿನ ಕಷಾಯ ಬಂತು,
ತಮ್ಮನ ಜೇಷ್ಠಮಧು, ತಮ್ಮನ ಉಪದೇಶ.
ಉಪ್ಪುನೀರು ಮುಕ್ಕಳಿಸಿ ಮುಕ್ಕಳಿಸಿ
ಬಚ್ಚಲು ಸಮುದ್ರವಾಯಿತು,
ಗಂಟಲು ಉಪ್ಪುಕಾಗದವಾಗಿಯೇ ಉಳಿಯಿತು.
ರವೆಗಂಜಿ ಕೂಡ ಉಜ್ಜಿಕೊಂಡೇ ಇಳಿಯುತ್ತಿತ್ತು.

ಮೂರನೇ ದಿನ ಗೋರಿಪಾಳ್ಯದಿಂದ
ಎರಡು ಬಸ್ಸು ಬದಲಿಸಿ ತಸ್ಮಿಯಾ ಬಂದಳು,
ಕಂಕುಳಲ್ಲಿ ಫ್ಲಾಸ್ಕು.
ಕೈ ಹಿಡಿದೆಳೆದು ಮೆಡಿಕಲ್ ಸ್ಟೋರಿನ ಮಹಡಿ ಹತ್ತಿಸಿದಳು.
ಡಾಕ್ಟರು ಎಲ್ಲಿ ನೋವು ಎಂದರು.
ಅವಳು ಅವರ ಚೀಟಿಪುಸ್ತಕವನ್ನೇ ಎಳೆದುಕೊಂಡು ಬರೆದಳು:
ಮೂರು ದಿನ. ಜ್ವರ ಇಲ್ಲ. ಉಗುಳು ನುಂಗಕ್ಕೆ ಆಗಲ್ಲ. ವಿಮಾನ.
ಡಾಕ್ಟರು ಕನ್ನಡಕ ಏರಿಸಿ ಅವಳನ್ನೇ ಕೇಳಿದರು:
ಪಾಪ, ಇವರಿಗೆ ಮಾತು ಬರಲ್ವಾ?

ಉತ್ತರವಾಗಿ ನಾನೇ ಗಂಟಲು ಮುಟ್ಟಿ ತೋರಿಸಿದೆ,
ಇಲ್ಲಿ, ಇಲ್ಲಿ, ಎರಡು ಬೆರಳು.
ತಸ್ಮಿಯಾ ಕಿಸಕ್ಕನೆ ನಕ್ಕಳು.
ನೋವೆಲ್ಲಿ ಅಂತ ಕೇಳಿದರೆ
ಹೆಸರು ಹೇಳ್ತೀಯಲ್ಲ ಮಿಸ್.

ಟಾರ್ಚು, ಚಮಚೆ, ಆ ಅನ್ನಿ.
ಕೆಂಪಗಿದೆ. ಐದು ದಿನ ಮಾತು ಬೇಡ.

ಕೆಳಗೆ ಕಲ್ಲುಬೆಂಚಿನ ಮೇಲೆ
ಫ್ಲಾಸ್ಕಿನ ಮುಚ್ಚಳಕ್ಕೆ ಸುಲೈಮಾನಿ ಬಗ್ಗಿಸಿ ಕೊಟ್ಟು
ಅವಳ ಕೈಗಳು ಕೇಳಿದವು:
ಆವತ್ತು, ಪಾಸ್‌ಪೋರ್ಟ್ ಕೌಂಟರಿನಲ್ಲಿ,
ಗಾಜಿನ ಹಿಂದಿನವನು ಅಷ್ಟುದ್ದ ಮಾತಾಡಿದ.
ನೀವು ನಮಗೆ ಹೇಳಿದ್ದು ಕಾಯಬೇಕಂತೆ, ಅಷ್ಟೇ.
ನಾನು ನೋಡ್ತಿದ್ದೆ. ನಿಮ್ಮ ಗಂಟಲು ಮೇಲೆ ಬಂತು, ಕೆಳಗೆ ಹೋಯ್ತು.
ಏನು ನುಂಗಿದಿರಿ?

ಸಿಗ್ನಲ್ಲಿನಲ್ಲಿ ಆಟೋಗಳು ಬಾಯಿ ಬಡಿದುಕೊಳ್ಳುತ್ತಿದ್ದವು.
ಬಾಯಲ್ಲಿ ಬಿಸಿತುಪ್ಪ ಅಂತಾರಲ್ಲ,
ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ ಅಂತ.
ನಾನು ನುಂಗಿದ್ದೆ.
ಎಂಟು ಜನರ ಪಾಲಿನದನ್ನು,
ಎಂಟು ಜನರನ್ನೂ ಕೇಳದೆ,
ಒಳ್ಳೆಯವಳ ಹಾಗೆ.

ಡಾಕ್ಟರು ಕಟ್ಟಿದ್ದು ಬಾಯಿಯನ್ನು.
ಮುಚ್ಚಳ ಕೆಳಗಿಟ್ಟೆ.
ಅವನಂದದ್ದನ್ನು ಅಂದ ಹಾಗೇ ಕೈಯಲ್ಲಿ ಆಡಿದೆ,
ಸನ್ನೆ ಇಲ್ಲದ ಆ ಒಂದು ಪದವನ್ನು
ಅಕ್ಷರ ಅಕ್ಷರ ಬಿಡಿಸಿ,
ಬೆರಳು ಎರಡು ಕಡೆ ತಡವರಿಸಿತು.

ಅವಳು ಕಣ್ಣು ಮಿಟುಕಿಸದೆ ನೋಡಿದಳು.
ಸ್ವಲ್ಪ ಹೊತ್ತು ರಸ್ತೆ ನೋಡಿದಳು.
ಆಮೇಲೆ ಆ ಗಾಜಿನವನಿಗೆ, ಅಷ್ಟು ದೂರಕ್ಕೆ,
ಒಂದೇ ಒಂದು ಸನ್ನೆ ಮಾಡಿದಳು;
ಯಾವ ತರಬೇತಿಯಲ್ಲೂ ನನಗದನ್ನು ಕಲಿಸಿರಲಿಲ್ಲ,
ಅರ್ಥ ಕೇಳಬೇಕಾಗಲಿಲ್ಲ.

ನಗು ಒದ್ದುಕೊಂಡು ಬಂತು.
ಚಳುಕು ಕಿವಿಯವರೆಗೆ.
ನಿಧಾನ, ಅಂದವು ಕೈಗಳು,
ಮುಚ್ಚಳ ಮತ್ತೆ ತುಂಬಿತು.