ಬೇಕಲದಲ್ಲಿ ಏಳು ತಟ್ಟೆ

ಏಳು ತಟ್ಟೆ, ಏಳೂ ಅಂಗೈಯಗಲ.
ಕಪ್ಪು ಕಲ್ಲಿನ ಮೇಲೆ ರೂಪಾಯಿಯಷ್ಟು ಪತ್ರೊಡೆ,
ನೆತ್ತಿಗೆ ಮಾವಿನ ನೊರೆ.
"ಕಚ್ಚುವುದೋ, ಮುತ್ತಿಡುವುದೋ?"
ಪಿಸುಗುಟ್ಟಿದಳು ಅತ್ತಿಗೆ ವಾರಿಜಾಕ್ಷಿ.
ರಜೆಯ ಎರಡನೇ ರಾತ್ರಿ;
ದೀಪ ಎಷ್ಟು ಮಂದವೆಂದರೆ
ಮೆನು ಓದಲು ಫೋನಿನ ಟಾರ್ಚು.

ನಾಲ್ಕನೆಯದು ಬಂತು: ಉಪ್ಪಿನ ದಿಬ್ಬದ ಮೇಲೆ
ಒಂದೇ ಒಂದು ಮರುವಾಯಿ, ಬಾಯ್ತೆರೆದು.
"ಇದರ ಹೆಸರು ಚಂದ್ರಗಿರಿಯ ನೆನಪು" ಎಂದ
ನೀಲೇಶ್ವರದ ಹುಡುಗ.
"ಯಾರ ನೆನಪು ಮಗಾ?"
"ಶೆಫ್‌ದು... ಅವರು ಪುಣೆಯವರು."

ಅತ್ತಿಗೆ ನಗಲಿಲ್ಲ.
ತಳಂಗರೆಯ ಕೆಸರಲ್ಲಿ ಕಾಲ್ಬೆರಳಿಂದ ತಡಕಿ
ಬುಟ್ಟಿಗಟ್ಟಲೆ ಹೆಕ್ಕಿದವಳು
ಚಿಪ್ಪೆತ್ತಿ ರಸ ಹೀರಿದಳು, ಸದ್ದು ಮಾಡಿಯೇ.
ಪಕ್ಕದ ಮೇಜು ತಿರುಗಿತು.

ಖಾಲಿ ಚಿಪ್ಪನ್ನು ಸೆರಗಲ್ಲಿ ಒರೆಸಿ
ಪರ್ಸಿಗೆ ಹಾಕಿಕೊಳ್ಳುತ್ತ ಅಂದಳು:
"ಪುಣೆಯವರಿಗೆ ಹೇಳು,
ಇಷ್ಟು ಉಪ್ಪಿದ್ದೂ ಸಪ್ಪೆ."