ಮುಬೀನಾಗೆ ನೀರು ಕೊಡದ ದಿನ

ಬೆಳಗಿನ ಆರಕ್ಕೆ ನಲ್ಲಿಯ ಕಿವಿ ಹಿಂಡಿ ಬಿಗಿದೆ.
ಬಕೆಟ್ಟು ಬೋರಲು ಹಾಕಿದೆ.
ಹೂದಾನಿಯನ್ನೂ ಎತ್ತಿಟ್ಟೆ,
ಹೋದ ಸಲದ ರೋಗಿ ಅದನ್ನೇ ಎತ್ತಿ ಕುಡಿದಿದ್ದ.
ಚಿಕ್ಕಬಳ್ಳಾಪುರದ ಆಸ್ಪತ್ರೆ, ಎರಡನೇ ಮಹಡಿ.
ಕಿಟಕಿಯಾಚೆ ಬೆಟ್ಟಕ್ಕೆ ಮಂಜಿನ ಮುಸುಕು.
ಮಂಚದ ಮೇಲೆ ಮುಬೀನಾ,
ಶಿಡ್ಲಘಟ್ಟದಲ್ಲಿ ನೂಲು ತೆಗೆಯುವವಳು,
ಬಿಸಿನೀರ ಬಾಣಲೆಯಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ
ಬೆರಳ ತುದಿ ಬೆಂದು ಬಿಳಿಚಿದವಳು.

ಸ್ಕೂಟರಿಂದ ಬಿದ್ದದ್ದು ಯುಗಾದಿಗೆ ಮುಂಚೆ.
ಹಣೆಯ ಗಾಯ ಮಾಯಿತು, ಬಾಯಾರಿಕೆ ಮಾಯಲಿಲ್ಲ.
ದಿನಕ್ಕೆ ಹನ್ನೆರಡು ಲೀಟರು. ರಾತ್ರಿ ಏಳು ಸಲ ಹಿತ್ತಿಲಿಗೆ.
ಟ್ಯಾಂಕರಿನ ನೀರು ಕೊಡಕ್ಕೆ ಹತ್ತು ರೂಪಾಯಿ,
ಅತ್ತೆ ಗೋಡೆಯ ಮೇಲೆ ಇದ್ದಿಲ ಗೀಟು ಎಳೆದಳು.
ಸಕ್ಕರೆ ಇರಬೇಕು ಅಂದರು ಎಲ್ಲರೂ.
ಸಕ್ಕರೆ ಇರಲಿಲ್ಲ.
ಅವಳ ಮೂತ್ರ ಮಳೆನೀರಿನಷ್ಟು ಸಪ್ಪೆ.

ಗಂಟೆಗೊಮ್ಮೆ ತೂಕ. ಐವತ್ತೆರಡು. ಐವತ್ತೊಂದೂವರೆ.
ಜಾಡಿಯೊಳಗೆ ಮತ್ತೆ ಮತ್ತೆ ಅದೇ, ಬಣ್ಣವಿಲ್ಲದ್ದು.
"ಅಕ್ಕಾ, ನಾಲಿಗೆ ನೆನೆಯೋವಷ್ಟು."
ನಾನು ಗಡಿಯಾರ ನೋಡಿದೆ.

ನಮ್ಮ ತಾತ ಮುನಿಗಂಗಪ್ಪ ಊರಿನ ನೀರಗಂಟಿ.
ತೂಬಿನ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು
ಯಾವ ಗದ್ದೆಗೆ ಎಷ್ಟೆಂದು ಕೆಸರಿನ ವಾಸನೆ ಹಿಡಿದೇ ಹೇಳುತ್ತಿದ್ದ.
ನೂರು ಎಕರೆಯ ನೀರು ಅವನ ಕೈಲಿ.
ಗೌಡರ ಮನೆ ಮುಂದೆ ಮಾತ್ರ
ಅವನ ಬೊಗಸೆಗೆ ಮೇಲಿನಿಂದ ಹುಯ್ಯುತ್ತಿದ್ದರು.
ಇವತ್ತು ನೀರು ತಡೆದವಳು ನಾನು.
ಇದನ್ನು ಎಲ್ಲಿಡಲಿ ತಾತ?

ತಲೆಯೊಳಗೂ ಒಬ್ಬ ನೀರಗಂಟಿ.
ಡಾಕ್ಟರು ಹಾಗೆ ಹೇಳಲಿಲ್ಲ, ನಾನೇ ಅಂದುಕೊಂಡೆ.
ಮೂಗಿನ ಬುಡದ ಹಿಂದೆ, ಕುದುರೆ ಜೀನಿನಂಥ ಎಲುಬಿನ ಮೇಲೆ
ತೊಟ್ಟೊಂದಕ್ಕೆ ಜೋತ ಗ್ರಂಥಿ, ಅವರೆಕಾಳಿನಷ್ಟು.
ರಕ್ತ ತುಸು ಉಪ್ಪಾದರೆ ಸಾಕು,
ಮೇಲಿಂದ ಸುದ್ದಿ, ಅಲ್ಲಿಂದ ಒಂದಿಷ್ಟು ರಸ,
ಅದು ಇಳಿದು ಹೋಗಿ ಮೂತ್ರಪಿಂಡದ ಕಾಲುವೆಗೆ ಹೇಳುತ್ತೆ:
ಈಗಲೇ ಹೊರಟೆಯಾ? ಇನ್ನೂ ಕೆಲಸ ಇದೆ, ಬಾ.
ಗೋಡೆಗೋಡೆಯಲ್ಲಿ ಕಿಂಡಿ ತೆರೆದು
ನೀರು ಒಡಲಿಗೆ ಮರಳುತ್ತೆ.
ಮುಬೀನಾಳ ತೊಟ್ಟು ಆ ಏಟಿಗೆ ಕಡಿದಿತ್ತು.
ಹೇಳುವವರಿಲ್ಲದೆ ಹಗಲೂ ರಾತ್ರಿ ಕೋಡಿ.

ಐವತ್ತೂ ಕಾಲು. ಸಾಕು, ಅಂದರು ಡಾಕ್ಟರು.
ಫ್ರಿಜ್ಜಿನಿಂದ ತೆಗೆದ ತಣ್ಣನೆ ಹನಿ ಮೂಗಿಗೆ.
(ಮನೆಯಲ್ಲಿ ಫ್ರಿಜ್ಜಿಲ್ಲ ಅಂತ ಗಂಡ ಆಗಲೇ ತಲೆ ಕೆರೆದುಕೊಂಡ,
ಎದುರಿನ ಸೋಡಾ ಅಂಗಡಿಯವನನ್ನು ಕೇಳಬೇಕಂತೆ.)
ಆಮೇಲೆ ಅರ್ಧ ಲೋಟ ನೀರು.
ಲೋಟ ಅವಳ ಕೈಗೇ ಇಟ್ಟೆ, ಬೆರಳಿಗೆ ಬೆರಳು ತಗುಲಿತು.

ಬಹಳ ಹೊತ್ತು ಅವಳು ಏಳಲಿಲ್ಲ.
ಎದ್ದಾಗ ಜಾಡಿಗೆ ಬಂದದ್ದು ಇಷ್ಟೇ ಇಷ್ಟು,
ಹಳದಿ.
ಸಂಜೆ ಬಿಸಿಲಿಗೆ ಎತ್ತಿ ಹಿಡಿದೆ,
ಇಂಥದ್ದಕ್ಕೂ ಯಾರಾದರೂ ಹಿಗ್ಗುತ್ತಾರಾ, ನಾನು ಹಿಗ್ಗಿದೆ.
ಮುಬೀನಾ ಕತ್ತು ಚಾಚಿ ನೋಡಿದಳು.
"ನಮ್ಮ ಮಾರ್ಕೆಟ್ಟಿನ ಗೂಡಿನ ಬಣ್ಣ ಅಕ್ಕಾ,
ಕೆಜಿಗೆ ಎಷ್ಟಕ್ಕೆ ಕೂಗಬಹುದು?"